ಕ್ಯಾನ್ಸರ್ ಆಪರೇಷನ್ ಮತ್ತು ರೋಗನಿರೋಧಕ ಶಕ್ತಿ: ದಿನಾಂಕ ಸಿಕ್ಕಾಗಿನಿಂದ ಆರನೇ ವಾರದವರೆಗೆ ಮಾಡಬೇಕಾದ್ದು

"ಆಪರೇಷನ್ ಮಾಡಿಸಿದ್ರೆ ಇಮ್ಯುನಿಟಿ ಪೂರ್ತಿ ಹೋಗ್ಬಿಡುತ್ತಂತೆ, ನಿಜವಾ?" "ಕತ್ತಿ ತಾಗಿದ್ರೆ ಕ್ಯಾನ್ಸರ್ ಹರಡುತ್ತೆ ಅಂತಾರಲ್ಲ?" "ಶಕ್ತಿ ಬರೋಕೆ ಯಾವ ಪೌಡರ್ ಕೊಡೋಣ?"

ಮೈಸೂರು, ಮಂಡ್ಯ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಈ ಮೂರು ತಪ್ಪುವುದೇ ಇಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವರ್ಷವಿಡೀ ಜೊತೆಗಿದ್ದು, ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದಿದು. ಇಲ್ಲಿರುವುದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಸರ್ಜನ್ ಮಾತೇ ನಡೆಯಲಿ.

ಮೊದಲ ಪ್ರಶ್ನೆಗೆ ಉತ್ತರ: ಹೋಗುವುದಿಲ್ಲ, ಕುಗ್ಗುತ್ತದೆ. ಕೆಲವು ದಿನ ಚೆನ್ನಾಗಿಯೇ ಕುಗ್ಗುತ್ತದೆ, ಆಮೇಲೆ ಕೆಲವು ವಾರಗಳಲ್ಲಿ ಮೇಲೇಳುತ್ತದೆ.

ಒಳಗೆ ನಡೆಯುವುದೇನು

ಜಂಬೂ ಸವಾರಿಯ ದಿನ ನೆನಪಿಸಿಕೊಳ್ಳಿ. ಅರಮನೆಯಿಂದ ಬನ್ನಿಮಂಟಪದವರೆಗೆ ಹೆಜ್ಜೆಗೊಬ್ಬ ಪೊಲೀಸ್. ನಿಮ್ಮ ಬಡಾವಣೆಯ ಮೂಲೆಯಲ್ಲಿ ಮಾತ್ರ ಅವತ್ತು ಬೀಟ್‌ನವರು ಕಾಣುವುದು ಅಪರೂಪ. ಆಪರೇಷನ್ ಆದ ಮೈಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಕೊಯ್ದ ಜಾಗಕ್ಕೆ ನ್ಯೂಟ್ರೋಫಿಲ್‌ಗಳು, ಅಂದರೆ ಸೋಂಕಿನ ಮೇಲೆ ಮೊದಲು ಎರಗುವ ಬಿಳಿ ರಕ್ತಕಣಗಳು, ದಂಡುಗಟ್ಟಿ ಹೋಗುತ್ತವೆ. ಅದಕ್ಕೇ ಮಾರನೆಯ ದಿನದ ರಿಪೋರ್ಟಿನಲ್ಲಿ ಬಿಳಿ ರಕ್ತಕಣ ಏರಿರುತ್ತದೆ. ಅದೊಂದನ್ನೇ ನೋಡಿ ಸೋಂಕು ಎಂದು ಗಾಬರಿಯಾಗಬೇಡಿ. ಸಿಆರ್‌ಪಿ ಎಂಬ ಉರಿಯೂತದ ಸೂಚಕವೂ ಎರಡು-ಮೂರನೇ ದಿನ ತುದಿ ಮುಟ್ಟಿ ಇಳಿಯುತ್ತದೆ. ಇಳಿಯುತ್ತಿದ್ದದ್ದು ಮತ್ತೆ ಏರಿದರೆ ಡಾಕ್ಟರ್ ಕಾರಣ ಹುಡುಕತೊಡಗುತ್ತಾರೆ.

ಇತ್ತ ಬೀಟ್ ಕಾಯುವವರ ಕಡೆ ಕೊರತೆ. ನ್ಯಾಚುರಲ್ ಕಿಲ್ಲರ್ ಕೋಶಗಳೆಂದು ಕೆಲವಿವೆ. ವೈರಾಣು ಹೊಕ್ಕ ಕೋಶವೋ ಕ್ಯಾನ್ಸರ್ ಕೋಶವೋ ಎದುರಾದರೆ ಯಾರ ಅಪ್ಪಣೆಗೂ ಕಾಯದೆ ಕೊಲ್ಲುವಂಥವು. ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಇವುಗಳ ಚುರುಕು ಇಳಿಯುತ್ತದೆ, ಮೊದಲ ಕೆಲವು ದಿನ ತಳದಲ್ಲಿರುತ್ತದೆ, ಆಪರೇಷನ್ನಿನ ಗಾತ್ರಕ್ಕೆ ತಕ್ಕಂತೆ ಒಂದರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಹಿಂದಿನ ಮಟ್ಟಕ್ಕೆ ಬರುತ್ತದೆ. ಹಳೆಯ ಶತ್ರುವಿನ ಗುರುತು ನೆನಪಿಟ್ಟುಕೊಳ್ಳುವ ಟಿ-ಕೋಶಗಳದ್ದೂ ಅದೇ ಪಾಡು. ಕಾರಣ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು. ಮೈಗೆ ಪೆಟ್ಟು ಬಿದ್ದಾಗ ಇವು ಏರುತ್ತವೆ, ಏರಿದಾಗ ರಕ್ಷಣಾ ಕೋಶಗಳನ್ನು ತಣ್ಣಗಾಗಿಸುತ್ತವೆ. ನೋವು ತಡೆದುಕೊಂಡಷ್ಟೂ, ಮೈ ತಣ್ಣಗಾದಷ್ಟೂ, ರಕ್ತ ಹೋದಷ್ಟೂ, ಸಕ್ಕರೆ ಏರಿದಷ್ಟೂ, ಊಟ ಕಮ್ಮಿಯಾದಷ್ಟೂ ಹಳ್ಳ ಇನ್ನಷ್ಟು ಆಳ. ಕುಸಿತವನ್ನು ಪೂರ್ತಿ ತಪ್ಪಿಸಲು ಯಾರಿಂದಲೂ ಆಗುವುದಿಲ್ಲ. ಹಳ್ಳದ ಆಳದಲ್ಲಿ ಮಾತ್ರ ಒಂದು ಪಾಲು ನಿಮ್ಮ ಕೈಯಲ್ಲಿದೆ, ಉಳಿದ ಲೇಖನವೆಲ್ಲ ಅದರ ಬಗ್ಗೆಯೇ.

"ಕತ್ತಿ ತಾಗಿದರೆ ಹರಡುತ್ತೆ" ಎನ್ನುವ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಗಡ್ಡೆಯಿಂದ ಕೆಲವು ಕೋಶಗಳು ರಕ್ತಕ್ಕೆ ಸೇರುವುದು ಹೌದು, ಆದರೆ ಕತ್ತಿ ತಾಗದಿದ್ದರೂ ಅವು ಸೇರುತ್ತಲೇ ಇರುತ್ತವೆ. ಆಪರೇಷನ್ ಬೇಡವೆಂದು ಬಿಟ್ಟರೆ ಬೆಳೆಯುವ ಗಡ್ಡೆಯೇ ರೋಗನಿರೋಧಕ ವ್ಯವಸ್ಥೆಯನ್ನು ಮಂಕಾಗಿಸುತ್ತಾ ಹೋಗುತ್ತದೆ. ಬಾಯಿ, ಸ್ತನ, ಕರುಳಿನ ಕ್ಯಾನ್ಸರ್‌ಗಳನ್ನು ಸಮಯಕ್ಕೆ ಸರಿಯಾಗಿ ಕತ್ತರಿಸಿ ತೆಗೆದದ್ದರಿಂದಲೇ ಗುಣವಾದವರು ನಿಮ್ಮೂರಲ್ಲೇ ಇರುತ್ತಾರೆ. ಅವರು ಆ ಸುದ್ದಿ ಹೇಳಿಕೊಂಡು ತಿರುಗುವುದಿಲ್ಲ ಅಷ್ಟೆ.

1. ದಿನಾಂಕ ಸಿಕ್ಕ ದಿನ: ಒಂದು ನೋಟ್‌ಬುಕ್, ನಾಲ್ಕು ಅಂಕಿ

ನೀವು ಹೋಗುವುದು ಕೆ.ಆರ್. ಆಸ್ಪತ್ರೆಗಿರಲಿ, ಮಂಡ್ಯದ ಮಿಮ್ಸ್‌ಗಿರಲಿ, ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿಗಿರಲಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಅಂಕಿ ಬರೆದುಕೊಳ್ಳಿ: ತೂಕ (ಆರು ತಿಂಗಳ ಹಿಂದಿನದೂ ಸೇರಿಸಿ), ಹಿಮೋಗ್ಲೋಬಿನ್, ಆಲ್ಬುಮಿನ್, ಎಚ್‌ಬಿಎ1ಸಿ. ಆಲ್ಬುಮಿನ್ ರಕ್ತದಲ್ಲಿರುವ ಒಂದು ಪ್ರೋಟೀನ್. ಎಚ್‌ಬಿಎ1ಸಿ ಅಂದರೆ ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ. ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಇಳಿದಿದ್ದರೆ ಡಾಕ್ಟರ್ ಕೇಳುವ ಮುಂಚೆ ನೀವೇ ಬಾಯಿಬಿಟ್ಟು ಹೇಳಿ. ಅಂಥವರಿಗೆ ಆಪರೇಷನ್ನಿಗೆ ಮುಂಚೆ ಒಂದೆರಡು ವಾರ ಪೌಷ್ಟಿಕ ಆಹಾರದ ಚಿಕಿತ್ಸೆ ಕೊಡುವುದುಂಟು.

ಕೀಲುವಾತಕ್ಕೋ ಅಸ್ತಮಾಕ್ಕೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಬರೆದು ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ, ದಿಢೀರನೆ ನಿಲ್ಲಿಸಿದರೆ ಅಪಾಯ.

ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಕಾಗದಗಳನ್ನು ಇದೇ ವಾರ ಮುಗಿಸಿ. ರೆಫರಲ್ ಪತ್ರಕ್ಕಾಗಿ ಕೊನೆ ಗಳಿಗೆಯಲ್ಲಿ ಓಡಾಡಿ ಆಪರೇಷನ್ ಮುಂದೆ ಹೋದರೆ ನಷ್ಟ ರೋಗಿಗೆ.

2. ಕಡ್ಡಿಪುಡಿ, ಬೀಡಿ: ಇವತ್ತೇ

ನಮ್ಮ ಕಡೆ ಬಾಯಿ ಕ್ಯಾನ್ಸರ್ ಬಂದ ಮೇಲೂ ಎಲೆಅಡಿಕೆ ಚೀಲ ಬಿಡದವರಿದ್ದಾರೆ. "ಬಂದಾಯ್ತಲ್ಲ, ಇನ್ನೇನು ಬಿಡೋದು" ಎನ್ನುತ್ತಾರೆ. ಬಿಡಬೇಕಾದದ್ದು ಗಾಯಕ್ಕಾಗಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ರಕ್ತ ಹರಿಯದ ಕಡೆಗೆ ರಕ್ಷಣಾ ಕೋಶಗಳೂ ಆಂಟಿಬಯಾಟಿಕ್ಕೂ ತಲುಪುವುದಿಲ್ಲ. ಬೀಡಿ-ಸಿಗರೇಟಿನ ಹೊಗೆ ಇದರ ಮೇಲೆ ಶ್ವಾಸಕೋಶದ ಸೋಂಕನ್ನೂ ತರುತ್ತದೆ. ನಾಲ್ಕು ವಾರ ಮುಂಚೆ ಬಿಟ್ಟರೆ ಲಾಭ ಚೆನ್ನಾಗಿ ಕಾಣುತ್ತದೆ. ಒಂದೇ ವಾರ ಉಳಿದಿದ್ದರೂ ಬಿಡಿ. ಆಪರೇಷನ್ ಹತ್ತಿರದಲ್ಲಿ ಬಿಟ್ಟರೆ ಕಫ ಜಾಸ್ತಿಯಾಗಿ ತೊಂದರೆ ಎನ್ನುವುದು ಹಳೆಯ ನಂಬಿಕೆ, ಅದನ್ನು ಕಟ್ಟಿಕೊಂಡು ಕೂರಬೇಡಿ.

3. ಊಟ, ಮತ್ತು 'ನಂಜು' ಎಂಬ ಕಾಟ

ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ನಾನು ಕಂಡಂತೆ ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ.

ಆಪರೇಷನ್ ಆದವರ ಮನೆಗೆ ಬಂದ ಹಿರಿಯರೆಲ್ಲ ಒಂದೊಂದು ಪದಾರ್ಥವನ್ನು ನಂಜು ಎಂದು ಹೇಳಿ ಹೋಗುತ್ತಾರೆ. ಬದನೆಕಾಯಿ ನಂಜು, ಮೊಟ್ಟೆ ನಂಜು, ಕೋಳಿ ನಂಜು, ಕಡ್ಲೆಕಾಯಿ ನಂಜು, ಕುಂಬಳಕಾಯಿ ನಂಜು. ಎಲ್ಲರ ಮಾತನ್ನೂ ಕೂಡಿಸಿದರೆ ತಟ್ಟೆಯಲ್ಲಿ ಉಳಿಯುವುದು ಗಂಜಿ, ತಿಳಿಸಾರು, ಬ್ರೆಡ್ಡು. ನಮ್ಮ ಚಿಕ್ಕಮ್ಮ ಹನ್ನೊಂದು ದಿನ ಹೀಗೇ ಉಂಡರು. ನಾವೇ ಹಾಗೆ ಬಡಿಸಿದೆವು. ಹೊಲಿಗೆಯ ಒಂದು ತುದಿ ಬಾಯಿಬಿಟ್ಟು ನೀರು ಒಸರತೊಡಗಿದಾಗ ಡ್ರೆಸಿಂಗ್ ಮಾಡುತ್ತಿದ್ದ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ, "ಏನ್ ಕೊಡ್ತಿದ್ದೀರಿ ಊಟಕ್ಕೆ?"

ಗಾಯದಲ್ಲಿ ಕೀವಾಗುವುದು ಬ್ಯಾಕ್ಟೀರಿಯಾದಿಂದ, ಬದನೆಕಾಯಿಯಿಂದಲ್ಲ. ಯಾವುದಾದರೂ ಪದಾರ್ಥ ತಿಂದರೆ ನಿಮಗೆ ಮೊದಲಿಂದಲೂ ಮೈ ತುರಿಸುತ್ತಿದ್ದರೆ ಅದನ್ನು ಬಿಡಿ, ಅದು ಅಲರ್ಜಿ. ಉಳಿದವನ್ನು ಬಿಡಬೇಕಿಲ್ಲ. ಗಾಯ ಕೂಡಿಸುವ ಕೊಲಾಜನ್, ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳು, ಹೊಸ ಬಿಳಿ ರಕ್ತಕಣಗಳು, ಇವಕ್ಕೆಲ್ಲ ಪ್ರೋಟೀನ್ ಬೇಕು. ಊಟದಲ್ಲಿ ಸಿಗದಿದ್ದರೆ ಮೈ ತನ್ನದೇ ಸ್ನಾಯುಗಳನ್ನು ಕರಗಿಸಿ ತೆಗೆದುಕೊಳ್ಳುತ್ತದೆ.

ಲೆಕ್ಕ ಹೀಗೆ. ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. 55 ಕೆಜಿಯವರಿಗೆ 66ರಿಂದ 82 ಗ್ರಾಂ. ಈಗ ನಮ್ಮ ಮಾಮೂಲಿ ಊಟ ನೋಡಿ. ಎರಡು ಮುದ್ದೆಗೆ ಸುಮಾರು 200 ಗ್ರಾಂ ರಾಗಿ ಹಿಟ್ಟು, ಅದರಿಂದ 14 ಗ್ರಾಂ. ಒಂದು ಹಿಡಿ ಕಾಳು ಹಾಕಿದ ಬಸ್ಸಾರಿನಿಂದ 6-7, ಅನ್ನದಿಂದ 5-6, ಒಂದು ಬಟ್ಟಲು ಮೊಸರಿನಿಂದ 5. ಒಟ್ಟು ಮೂವತ್ತರ ಆಸುಪಾಸು, ಬೇಕಾದದ್ದರ ಅರ್ಧ. ಎರಡು ಮೊಟ್ಟೆ (12-13 ಗ್ರಾಂ), ದೊಡ್ಡ ಲೋಟ ಹಾಲು (8), 50 ಗ್ರಾಂ ಹುರಿದ ಕಡ್ಲೆಬೀಜ (12-13) ಸೇರಿಸಿದರೆ ಗೆರೆ ಮುಟ್ಟಿತು. ಮಾಂಸ ತಿನ್ನುವವರಿಗೆ 100 ಗ್ರಾಂ ಬೆಂದ ಕೋಳಿಯಲ್ಲೇ 25 ಗ್ರಾಂ ಸಿಗುತ್ತದೆ. ಒಂದು ಎಚ್ಚರಿಕೆ: ಕೋಳಿ ಸಾರಿನ ತಿಳಿ ಮಾತ್ರ ಕುಡಿಸಿ ತುಂಡುಗಳನ್ನು ಮನೆಯವರು ತಿಂದರೆ ಪ್ರೋಟೀನ್ ಹೋದದ್ದು ಮನೆಯವರಿಗೆ. ಮಾಂಸ ಬೇಡ ಎನ್ನುವವರು ಹುರುಳಿ, ಹೆಸರುಕಾಳು, ಪನೀರ್, ಸೋಯಾ ಜಾಸ್ತಿ ಮಾಡಿಕೊಳ್ಳಿ.

ಬಾಯಿ ಆಪರೇಷನ್ ಆದವರಿಗೆ ಮೂಗಿನ ಪೈಪಿನಲ್ಲಿ ಆಹಾರ ಹೋಗುತ್ತದೆ. ಬರೀ ಎಳನೀರು, ಗಂಜಿ ತಿಳಿ ಹಾಕುತ್ತಾ ದಿನ ಕಳೆಯಬೇಡಿ. ಡಯಟೀಷಿಯನ್ ಹತ್ತಿರ ಅಳತೆ ಬರೆಸಿಕೊಂಡು ಬನ್ನಿ. ಹಸಿ ಮೊಟ್ಟೆ ಮಾತ್ರ ಯಾವ ದಾರಿಯಲ್ಲೂ ಬೇಡ.

ಮಂಡ್ಯದವರು ತಪ್ಪದೆ ಕೇಳುವ ಇನ್ನೊಂದು: ಸಕ್ಕರೆ, ಬೆಲ್ಲ ತಿಂದರೆ ಕ್ಯಾನ್ಸರ್ ಬೆಳೆಯುತ್ತಾ? ಅಷ್ಟಕ್ಕೆಲ್ಲ ಹೆದರಬೇಕಿಲ್ಲ. ಡಯಾಬಿಟೀಸ್ ಇಲ್ಲದವರು ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಗೆ ಹೆದರಿ ಊಟವನ್ನೇ ಕಡಿಮೆ ಮಾಡಿಕೊಂಡರೆ ಕಳೆದುಕೊಳ್ಳುವುದು ತೂಕವನ್ನು.

4. ರಕ್ತ ಮತ್ತು ಸಕ್ಕರೆ ಕಾಯಿಲೆ

"ಒಂದು ಬಾಟಲಿ ರಕ್ತ ಹಾಕಿಸ್ಬಿಡಿ ಸಾರ್, ಶಕ್ತಿ ಬರ್ಲಿ" ಎಂದು ಡಾಕ್ಟರಿಗೆ ದುಂಬಾಲು ಬೀಳಬೇಡಿ. ಬೇರೊಬ್ಬರ ರಕ್ತ ಏರಿಸಿದಾಗ ರೋಗನಿರೋಧಕ ವ್ಯವಸ್ಥೆ ಕೆಲಕಾಲ ಇನ್ನಷ್ಟು ಮಂಕಾಗುತ್ತದೆ, ಸೋಂಕಿನ ಸಾಧ್ಯತೆ ಹೆಚ್ಚುತ್ತದೆ. ಬೇಕೇ ಬೇಕಾದಾಗ ಅದು ಜೀವ ಉಳಿಸುತ್ತದೆ, ಡಾಕ್ಟರ್ ಬೇಕು ಅಂದಾಗ ತಕರಾರು ಮಾಡಬೇಡಿ. ಆದರೆ ಸಾಮಾನ್ಯವಾಗಿ ಹಿಮೋಗ್ಲೋಬಿನ್ 7-8ರ ಹತ್ತಿರ ಇಳಿಯುವವರೆಗೆ ಅವರು ಕಾಯುವುದಕ್ಕೆ ಕಾರಣವಿದೆ. ಆಪರೇಷನ್ನಿಗೆ ಮೂರು-ನಾಲ್ಕು ವಾರ ಇದ್ದು, ಕಬ್ಬಿಣಾಂಶ ಕಡಿಮೆ ಅಂತ ಗೊತ್ತಾಗಿದ್ದರೆ ಕಬ್ಬಿಣದ ಡ್ರಿಪ್ ಸಾಧ್ಯವೇ ಎಂದು ಕೇಳಿ.

ಡಯಾಬಿಟೀಸ್ ಇರುವವರಿಗೆ ಆಪರೇಷನ್ ಹೊತ್ತಿನಲ್ಲಿ ಸಕ್ಕರೆ 180ರ ಒಳಗಿರಬೇಕು. ಅದಕ್ಕಿಂತ ಮೇಲಿದ್ದರೆ ನ್ಯೂಟ್ರೋಫಿಲ್‌ಗಳು ಸೋಂಕಿನ ಜಾಗ ತಲುಪುವುದೂ ಕೊಲ್ಲುವುದೂ ನಿಧಾನ. "ಇನ್ಸುಲಿನ್ ಶುರು ಮಾಡಿದ್ರೆ ಜೀವನಪೂರ್ತಿ" ಎಂದು ಹಟ ಹಿಡಿಯಬೇಡಿ. ಈ ಕೆಲವು ವಾರಗಳಿಗೆಂದು ಕೊಟ್ಟದ್ದನ್ನು ಎಷ್ಟೋ ಜನಕ್ಕೆ ಆಮೇಲೆ ನಿಲ್ಲಿಸುತ್ತಾರೆ.

5. ಪುಡಿ, ಕಷಾಯ, ಲಸಿಕೆ

ಇಮ್ಯುನಿಟಿ ಬೂಸ್ಟರ್ ಎಂದು ಮಾರುವ ಯಾವ ಡಬ್ಬಿಯೂ ಆಪರೇಷನ್ನಿನ ಕುಸಿತವನ್ನು ತಡೆಯುತ್ತದೆ ಎಂದು ತೋರಿಸಿಲ್ಲ. ಅಮೃತಬಳ್ಳಿ ಕಷಾಯ ಕುಡಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದರು. ಬೆಳ್ಳುಳ್ಳಿ ಮಾತ್ರೆ, ಮೀನೆಣ್ಣೆ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡಬಲ್ಲವು. ಅಡುಗೆಯ ಬೆಳ್ಳುಳ್ಳಿಗೆ ಈ ಮಾತು ಅನ್ವಯಿಸುವುದಿಲ್ಲ. ತೆಗೆದುಕೊಳ್ಳುತ್ತಿರುವ ಪುಡಿ, ಮಾತ್ರೆ, ಕಷಾಯಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅರಿವಳಿಕೆ ಡಾಕ್ಟರ್ ಮುಂದೆ ಸುರಿಯಿರಿ. ಎರಡು ವಾರ ಮುಂಚೆ ಯಾವುದು ನಿಲ್ಲಬೇಕೆಂದು ಅವರು ಹೇಳಲಿ. ಮುಚ್ಚಿಡುವುದೇ ದೊಡ್ಡ ತಪ್ಪು.

ಹೊಟ್ಟೆಯ ಕೆಲವು ದೊಡ್ಡ ಆಪರೇಷನ್‌ಗಳಿಗೆ ಮುಂಚೆ ಆರ್ಜಿನಿನ್, ಒಮೆಗಾ-3 ಸೇರಿಸಿದ ವಿಶೇಷ ಪಾನೀಯ ಬರೆದುಕೊಡುತ್ತಾರೆ, ಅದರ ಮಾತು ಬೇರೆ. ಸೋಂಕು ಕಡಿಮೆಯಾಗುವುದಕ್ಕೆ ಪುರಾವೆ ಇದೆ, ಬೆಲೆಯೂ ಜೋರಿದೆ. ಇಮ್ಯುನೊಥೆರಪಿಯೂ ಬೂಸ್ಟರ್ ಅಲ್ಲ. ಟಿ-ಕೋಶಗಳ ಬ್ರೇಕ್ ಸಡಿಲಿಸುವ ಇಂಜೆಕ್ಷನ್‌ಗಳವು. ಆ ಬ್ರೇಕ್ ಸಡಿಲಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ದಾರಿ ಕಂಡುಹಿಡಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಎಲ್ಲ ಕ್ಯಾನ್ಸರ್‌ಗೂ, ಎಲ್ಲರಿಗೂ ಅವು ಹೊಂದುವುದಿಲ್ಲ.

ಫ್ಲೂ, ನ್ಯುಮೋನಿಯಾ ಲಸಿಕೆಗಳು ಬೇಕೇ ಎಂದು ಕೇಳಿ. ಆಪರೇಷನ್ ನಂತರ ಕೀಮೋ ಇದ್ದರೆ ಅದು ಶುರುವಾಗುವ ಎರಡು ವಾರ ಮುಂಚೆ ಹಾಕಿಸಿದರೆ ಒಳ್ಳೆಯದು. ಗುಲ್ಮ, ಅಂದರೆ ಸ್ಪ್ಲೀನ್, ತೆಗೆಯುವ ಸಾಧ್ಯತೆ ಇದ್ದರಂತೂ (ಹೊಟ್ಟೆ, ಮೇದೋಜೀರಕ ಗ್ರಂಥಿಯ ಕೆಲವು ಆಪರೇಷನ್‌ಗಳಲ್ಲಿ) ಲಸಿಕೆ ಬಿಡಲೇಬಾರದು. ಗುಲ್ಮ ಇಲ್ಲದವರು ಜೀವನಪೂರ್ತಿ ಜ್ವರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

6. ಹಿಂದಿನ ರಾತ್ರಿಯಿಂದ ಥಿಯೇಟರ್‌ವರೆಗೆ

ಸೋಪು ಹಚ್ಚಿ ಸ್ನಾನ ಮಾಡಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳೇ ಸೋಂಕಿನ ಬಾಗಿಲು. ಊಟ ನಿಲ್ಲಿಸುವುದು ಸಾಮಾನ್ಯವಾಗಿ ಆರು ಗಂಟೆ ಮುಂಚೆ, ನೀರು ಎರಡು ಗಂಟೆ ಮುಂಚೆ. "ರಾತ್ರಿಯಿಂದ ಏನೂ ಮುಟ್ಟಿಲ್ಲ" ಎಂದು ಹೆಮ್ಮೆಪಡುವಂಥದ್ದೇನಿಲ್ಲ, ನಿಮಗೆ ಹೇಳಿದ ಹೊತ್ತು ಯಾವುದೆಂದು ಸರಿಯಾಗಿ ಕೇಳಿ ಬರೆದುಕೊಳ್ಳಿ.

ಕಾಲುಚೀಲ, ಶಾಲು ತೆಗೆದುಕೊಂಡು ಹೋಗಿ. ಇದು ಅಜ್ಜಿ ಮಾತಲ್ಲ. ದೊಡ್ಡ ಕರುಳಿನ ಆಪರೇಷನ್ ಆದ 200 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈ ತಣ್ಣಗಾಗಲು ಬಿಟ್ಟವರ ಪೈಕಿ ನೂರಕ್ಕೆ 19 ಜನರ ಗಾಯ ಸೋಂಕಾಯಿತು, ಬೆಚ್ಚಗಿಟ್ಟವರಲ್ಲಿ ನೂರಕ್ಕೆ 6 ಜನರದ್ದು ಮಾತ್ರ. ಥಿಯೇಟರ್ ಒಳಗೆ ಬೆಚ್ಚಗಿಡುವುದು ಅವರ ಕೆಲಸ, ಹೊರಗಿನ ಕಾರಿಡಾರಿನಲ್ಲಿ ತೆಳ್ಳನೆ ಗೌನು ಹಾಕಿಕೊಂಡು ಕಾಯುವ ಹೊತ್ತಿನಲ್ಲಿ ನಿಮ್ಮದು.

ಯಾವ ಅರಿವಳಿಕೆ ಕೊಟ್ಟರೆ ಕ್ಯಾನ್ಸರ್ ಮರಳುವುದಿಲ್ಲ ಎಂದು ಕೆಲವರು ಕೇಳುತ್ತಾರೆ. ಸ್ತನ ಕ್ಯಾನ್ಸರ್‌ನ 2,108 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನರದ ಬ್ಲಾಕ್ (ಆ ಭಾಗದ ನರಗಳನ್ನು ಮರಗಟ್ಟಿಸುವ ಅರಿವಳಿಕೆ) ಕೊಟ್ಟವರಿಗೂ ಗ್ಯಾಸ್ ಅರಿವಳಿಕೆ ಕೊಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. ಆ ಚಿಂತೆ ಬಿಡಿ. ಸಣ್ಣ ರಂಧ್ರದ ಆಪರೇಷನ್ನಿನಲ್ಲಿ ಮೈಗೆ ಪೆಟ್ಟು ಕಡಿಮೆ, ರೋಗನಿರೋಧಕ ಶಕ್ತಿಯ ಕುಸಿತವೂ ಕಡಿಮೆ. ಹಾಗೆಂದು ಅದನ್ನೇ ಬೇಕೆಂದು ಹಟ ಮಾಡುವುದು ತಪ್ಪು. ಗರ್ಭಕಂಠದ ಆರಂಭಿಕ ಕ್ಯಾನ್ಸರ್‌ನಲ್ಲಿ ಹೊಟ್ಟೆ ತೆರೆದು ಮಾಡಿದವರೇ ಹೆಚ್ಚು ಕಾಲ ಬದುಕಿದ್ದನ್ನು 2018ರ ಒಂದು ದೊಡ್ಡ ಪ್ರಯೋಗ ತೋರಿಸಿತು.

7. ವಾರ್ಡಿನ ದಿನಗಳು

ನೋವು ಹೇಳಿಕೊಳ್ಳಿ. ಹಳ್ಳಿಯಿಂದ ಬಂದ ತಾಯಂದಿರು ಹಲ್ಲು ಕಚ್ಚಿ ಮಲಗಿ "ಏನಿಲ್ಲ, ಚೆನ್ನಾಗಿದ್ದೀನಿ" ಎನ್ನುತ್ತಾರೆ. ಆ ತಡೆದುಕೊಂಡ ನೋವೇ ಒತ್ತಡದ ಹಾರ್ಮೋನುಗಳನ್ನು ಏರಿಸುತ್ತದೆ, ಉಸಿರನ್ನು ಮೇಲುಮೇಲಕ್ಕೆ ಎಳೆಯುವಂತೆ ಮಾಡುತ್ತದೆ, ಎದೆಯಲ್ಲಿ ಕಫ ಕೂರುತ್ತದೆ. ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟಿದ್ದರೆ ಊದಬೇಡಿ, ಎಳೆಯಿರಿ. ಎಷ್ಟೋ ಜನ ತಿರುಗಾಮುರುಗಾ ಮಾಡುತ್ತಾರೆ. ಎಬ್ಬಿಸಿ ನಡೆಸಿದರೆ ನಡೆಯಿರಿ, ಹೊಲಿಗೆ ಬಿಚ್ಚುವುದಿಲ್ಲ.

ನೋಡಲು ಬರುವವರ ವಿಷಯ ಕಷ್ಟದ್ದು. ಊರಿನಿಂದ ಬಸ್ಸು ಹಿಡಿದು ರಸಬಾಳೆ, ಬ್ರೆಡ್ಡು ಹಿಡಿದು ಬಂದವರನ್ನು ಬೇಡ ಎನ್ನಲಾಗದು. ಮನೆಯ ಒಬ್ಬರು ಗೇಟಿನಲ್ಲೇ ಕೂತು ಮಾತಾಡಿಸಿ, ಕಾಫಿ ಕುಡಿಸಿ, ವೀಡಿಯೊ ಕಾಲ್ ಮಾಡಿಸಿ ಕಳಿಸಲಿ. ಒಳಗೆ ಬಿಡಲೇಬೇಕಾದರೆ ಕೈ ತೊಳೆದು ಒಬ್ಬೊಬ್ಬರೇ. ನೆಗಡಿ ಇದ್ದವರು ಎಷ್ಟೇ ಹತ್ತಿರದವರಾದರೂ ಬೇಡ.

8. ಮನೆಗೆ ಬಂದ ಮೇಲೆ

ಗಾಯದ ಸೋಂಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಐದರಿಂದ ಹತ್ತನೇ ದಿನದ ಹೊತ್ತಿಗೆ, ಅಷ್ಟರಲ್ಲಿ ನೀವು ಮನೆಯಲ್ಲಿರುತ್ತೀರಿ. ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ಬರೆಯಿರಿ. ಹಣೆ ಮುಟ್ಟಿ ನೋಡುವುದು ಲೆಕ್ಕಕ್ಕಿಲ್ಲ. ಮೊದಲೆರಡು ದಿನದ ಸಣ್ಣ ಜ್ವರ ಬರೀ ಉರಿಯೂತದ್ದಿರಬಹುದು. ಆಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಗಾಯದ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಇಳಿಯುತ್ತಿದ್ದ ನೋವು ಮತ್ತೆ ಏರಿದರೆ ಫೋನ್ ಮಾಡಿ. ಗಾಯಕ್ಕೆ ಅರಿಶಿನ, ಕಾಫಿಪುಡಿ, ವಿಭೂತಿ ಯಾವುದೂ ಬೇಡ.

ಗಾಯದೊಳಗಿನ ನೀರು ಇಳಿಯಲು ಹಾಕಿದ ಡ್ರೈನ್ ಬಾಟಲಿ ಇದ್ದರೆ ದಿನಾ ಒಂದೇ ಹೊತ್ತಿಗೆ ಅಳೆದು, ಬಣ್ಣವನ್ನೂ ಬರೆಯಿರಿ: "ಮಂಗಳವಾರ, 70 ಎಂ.ಎಲ್., ತಿಳಿ ಕೆಂಪು." ಸಾಮಾನ್ಯವಾಗಿ ದಿನಕ್ಕೆ 30 ಎಂ.ಎಲ್. ಒಳಗೆ ಬಂದಾಗ ತೆಗೆಯುತ್ತಾರೆ.

"ಕಂಕುಳಿನ ಗಂಟೆಲ್ಲ ತೆಗೆದ್ರು, ಇನ್ನು ರೋಗನಿರೋಧಕ ಶಕ್ತಿ ಎಲ್ಲಿಂದ?" ಎಂದು ಚಿಕ್ಕಮ್ಮ ಅತ್ತಿದ್ದರು. ಮೈಯಲ್ಲಿ ಇಂಥ ದುಗ್ಧಗ್ರಂಥಿಗಳು ಸುಮಾರು 600 ಇವೆ, ತೆಗೆದದ್ದು ಅದರಲ್ಲಿ ಸಣ್ಣ ಪಾಲು. ಇಡೀ ಮೈಗೆ ಅದರಿಂದ ಕೊರತೆಯಾಗದು. ಆ ಕೈಗೆ ಮಾತ್ರ ಆಗುತ್ತದೆ: ನೀರು ಸರಿಯಾಗಿ ಹರಿಯದೆ ಊದಿಕೊಳ್ಳಬಹುದು, ಸಣ್ಣ ಗಾಯವೂ ಬೇಗ ಸೋಂಕಾಗಬಹುದು. ಗದ್ದೆ ಕೆಲಸಕ್ಕೆ ಮರಳುವ ಹೆಂಗಸರು ಇದನ್ನು ಗಮನಿಸಿ. ಕಬ್ಬಿನ ಗರಿ ಅಂಚಿನಲ್ಲಿ ಗರಗಸದಂತಿರುತ್ತದೆ, ಸೀಳಿದ್ದು ಗೊತ್ತೇ ಆಗುವುದಿಲ್ಲ. ತುಂಬುತೋಳಿನ ಅಂಗಿ, ಕೈಗವಸು ಇಲ್ಲದೆ ಕಬ್ಬಿಗೆ ಇಳಿಯಬೇಡಿ. ಗೀರಾದರೆ ಕೂಡಲೇ ಸೋಪುನೀರಿನಲ್ಲಿ ತೊಳೆಯಿರಿ. ಕೈ ಕೆಂಪಗೆ ಬಿಸಿಯಾದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಸೆಂಟಿನೆಲ್ ನೋಡ್ ಪರೀಕ್ಷೆ, ಅಂದರೆ ಮೊದಲ ಒಂದೆರಡು ಗಂಟು ಮಾತ್ರ ತೆಗೆದು ನೋಡುವ ವಿಧಾನ, ನಿಮಗೆ ಆಗುತ್ತದೆಯೇ ಎಂದು ಆಪರೇಷನ್ನಿಗೆ ಮುಂಚೆಯೇ ಕೇಳಬಹುದು.

9. ಮುಂದಿನ ಚಿಕಿತ್ಸೆಗೆ ತಡಮಾಡಬೇಡಿ

"ಸ್ವಲ್ಪ ಶಕ್ತಿ ಬರ್ಲಿ, ಹಬ್ಬ ಮುಗೀಲಿ, ಆಮೇಲೆ ಕೀಮೋ" ಎನ್ನುವುದು ಸಹಜ. ಆದರೆ ಬಾಯಿ ಕ್ಯಾನ್ಸರ್‌ನವರಿಗೆ ರೇಡಿಯೇಷನ್ ಬೇಕಿದ್ದರೆ ಆರು ವಾರದೊಳಗೆ ಶುರುವಾಗಬೇಕು. ಸ್ತನ, ಕರುಳಿನ ಕ್ಯಾನ್ಸರ್‌ನ ಕೀಮೋ ಸಾಮಾನ್ಯವಾಗಿ ಆರರಿಂದ ಎಂಟು ವಾರದೊಳಗೆ. ಆಪರೇಷನ್ನಿನ ಕುಸಿತ ಅಷ್ಟರಲ್ಲಿ ಬಹುಪಾಲು ತುಂಬಿಕೊಂಡಿರುತ್ತದೆ. ಉಳಿದುಹೋದ ಒಂದೆರಡು ಕ್ಯಾನ್ಸರ್ ಕೋಶ ಬೇರೂರುವ ಮುಂಚೆ ಹಿಡಿಯುವುದೇ ಈ ಅವಸರದ ಉದ್ದೇಶ.

ಕೀಮೋದಲ್ಲಿ ಕುಸಿತ ಬೇರೆ ಬಗೆಯದು. ನ್ಯೂಟ್ರೋಫಿಲ್‌ಗಳ ಸಂಖ್ಯೆಯೇ ಬೀಳುತ್ತದೆ, ಹೆಚ್ಚಾಗಿ ಪ್ರತಿ ಡೋಸಿನ ಏಳರಿಂದ ಹದಿನಾಲ್ಕನೇ ದಿನದ ನಡುವೆ. ಆ ದಿನಗಳಲ್ಲಿ 100.4 ಡಿಗ್ರಿ ಜ್ವರ ಒಂದು ಗಂಟೆ ನಿಂತರೆ ಅಥವಾ ಒಮ್ಮೆ 101 ಮುಟ್ಟಿದರೆ ಡೋಲೋ ನುಂಗಿ ಬೆಳಗಾಗಲೆಂದು ಕಾಯುವಂತಿಲ್ಲ. ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಬೇಕು. ಆಸ್ಪತ್ರೆಯ ತುರ್ತು ನಂಬರ್, ಆಟೋದವರ ನಂಬರ್ ಎರಡನ್ನೂ ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮಗನ ಮೊಬೈಲಿನಲ್ಲಿದ್ದರೆ ಸಾಲದು, ಅವನು ಅವತ್ತು ನೈಟ್ ಶಿಫ್ಟಿನಲ್ಲಿರಬಹುದು.